ಕಕ್ಕಡದ ತೇವದಲ್ಲಿ ಕಾಫಿಬೀಜದ ಓಲೆ, ದಾರದ ಬಳೆ

ಮಡಿಕೇರಿ, 27 ಜುಲೈ 2025, ಭಾನುವಾರ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ ತೋಟದ ಕೆಲಸ ಕಡಿಮೆ, ಹೊರಗೆ ಹೋಗುವ ಮಾತಿಲ್ಲ, ಹಾಗಾಗಿ ಮಣಿ ಪೋಣಿಸಿಕೊಂಡು ಕೂರಲು ಇದೇ ಸರಿಯಾದ ಕಾಲ ಎಂಬುದು ಎಲ್ಲರ ಲೆಕ್ಕ. ಬಿಡುವಿನ ಮಟ್ಟಿಗೆ ಲೆಕ್ಕ ಸರಿ. ಸಾಮಾನಿನ ಮಟ್ಟಿಗೆ ಇಷ್ಟು ಕೆಟ್ಟ ಕಾಲ ಇನ್ನೊಂದಿಲ್ಲ. ಅಂಟು ಒಣಗದು, ವಾರ್ನಿಷ್ ಬೆಳ್ಳಗಾಗುತ್ತದೆ, ಬೀಜಕ್ಕೆ ಬೂಷ್ಟು, ಹಿತ್ತಾಳೆಗೆ ಕಲೆ. ಬಯಲುಸೀಮೆಯಲ್ಲಿ ತೆಗೆದ ವಿಡಿಯೊದಲ್ಲಿ ‘ಅರ್ಧ ಗಂಟೆ ಒಣಗಲು ಬಿಡಿ’ ಅಂದರೆ ಅದು ನಮ್ಮಲ್ಲಿ ಒಂದು ಇಡೀ ರಾತ್ರಿ ಎಂದೇ ತಿಳಿಯಬೇಕು.

ಇವತ್ತು ಮೇಜಿನ ಮೇಲಿರುವುದು ಕಾಫಿಬೀಜದ ಓಲೆ. ಇದಕ್ಕೆ ಚಪ್ಪಟೆ ಬೀಜ ಬೇಡ. ನೋಡಲು ಚೆಂದವೇ, ಆದರೆ ಕೊರೆಯಲು ಹೋದರೆ ನಡುವಿನ ಸೀಳಿನ ಗುಂಟ ಎರಡು ಹೋಳಾಗುತ್ತದೆ. ಬೇಕಾದದ್ದು ಪಿಬಿ, ಅಂದರೆ ಪೀಬೆರಿ. ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಬೆಳೆದಾಗ ಒತ್ತಿ ಚಪ್ಪಟೆ ಮಾಡುವ ಜೊತೆಗಾರ ಇಲ್ಲದೆ ಅದು ಗುಂಡಗಾಗುತ್ತದೆ. ಹೀಗಾಗಿ ಯಾವ ಕಡೆ ತಿರುಗಿದರೂ ಓಲೆ ಒಂದೇ ಥರ ಕಾಣುತ್ತದೆ. ಕ್ಯೂರಿಂಗ್ (ಸಿಪ್ಪೆ ಸುಲಿದು ವಿಂಗಡಿಸುವ ಕೆಲಸ) ಆದ ಕಾಫಿಯಲ್ಲಿ ಪಿಬಿ ಬೇರೆಯೇ ಗ್ರೇಡ್ ಆಗಿ ಸಿಗುತ್ತದೆ. ಒಳಸಿಪ್ಪೆ ಬಿಡಿಸದ ಮನೆಯದೇ ಪಾರ್ಚ್‌ಮೆಂಟ್ ಇದ್ದರೆ ಸಿಪ್ಪೆ ಸುಲಿದು ಮೊರದಲ್ಲಿ ಹರಡಿ ಆರಿಸಿಕೊಳ್ಳಬಹುದು. ಒಂದು ಜೊತೆ ಓಲೆಗೆ ಎರಡೇ ಬೀಜ ಸಾಕಾದರೂ ಇಪ್ಪತ್ತು ಇಟ್ಟುಕೊಳ್ಳಿ. ಕೊರೆಯುವಾಗ ಕೆಲವು ಒಡೆಯುತ್ತವೆ, ಉಳಿದವುಗಳಲ್ಲಿ ಉದ್ದ, ಬಣ್ಣ ಎರಡೂ ಹೊಂದುವ ಜೋಡಿ ಹುಡುಕಬೇಕು.

ಹಸಿರು ಬೀಜವನ್ನೇ ಬಳಸುವ ಆಸೆ ಬರುತ್ತದೆ, ಆ ಬೂದುಹಸಿರು ಬಣ್ಣ ನಿಜಕ್ಕೂ ಚೆನ್ನ. ಆದರೆ ಅದು ಉಳಿಯುವುದಿಲ್ಲ. ಮಂಗಳೂರಿನ ಕಡೆ ಬೇಕೆಂದೇ ಮಳೆಗಾಲದ ಗಾಳಿಗೆ ಬೀಜ ಹರಡಿ ಮಾನ್ಸೂನ್ಡ್ ಮಲಬಾರ್ ಮಾಡುತ್ತಾರಲ್ಲ, ಅದೇ ಕ್ರಿಯೆ ಓಲೆಯಲ್ಲೂ ಆಗುತ್ತದೆ: ಬೀಜ ತೇವ ಕುಡಿದು ಉಬ್ಬುತ್ತದೆ, ಬಣ್ಣ ಬಿಳಿಚಿ ಒಣಹುಲ್ಲಿನ ಹಳದಿಗೆ ತಿರುಗುತ್ತದೆ. ಕಾಫಿಗೆ ಅದು ಬೆಲೆ, ಓಲೆಗೆ ಕೇಡು. ಆದ್ದರಿಂದ ಹುರಿಯಲೇಬೇಕು. ದಪ್ಪ ತಳದ ಬಾಣಲೆ, ನಡುಉರಿ, ಕೈ ಬಿಡದೆ ಆಡಿಸುವುದು. ಮೊದಲ ಚಟಪಟ ಸದ್ದು ಮುಗಿದು ಅರ್ಧ ನಿಮಿಷಕ್ಕೆ ಇಳಿಸಿ ಮೊರಕ್ಕೆ ಸುರಿಯಿರಿ. ಇನ್ನೂ ಕಪ್ಪಗೆ ಹುರಿದರೆ ಎಣ್ಣೆ ಮೇಲೆ ಬರುತ್ತದೆ, ಎಣ್ಣೆ ಬಂದ ಬೀಜದ ಮೇಲೆ ವಾರ್ನಿಷ್ ನಿಲ್ಲದೆ ಪೊರೆಯಾಗಿ ಏಳುತ್ತದೆ. ಹುರಿದ ಮೇಲೆ ಎರಡು ದಿನ ಸಡಿಲ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಹೊಸದಾಗಿ ಹುರಿದ ಬೀಜ ಒಳಗಿಂದ ಗಾಳಿ ಬಿಡುತ್ತಿರುತ್ತದೆ. ಆಗಲೇ ಲೇಪ ಹಚ್ಚಿದರೆ ಸೂಜಿಮೊನೆಯಷ್ಟು ಗುಳ್ಳೆಗಳು ಏಳುತ್ತವೆ.

ಹುರಿಯುವ ಮೊದಲೇ ಕೊರೆದರೆ ಆಗದೇ? ಹಸಿ ಬೀಜದಲ್ಲಿ ತೂತು ನೀಟಾಗಿ ಬರುತ್ತದೆ ನಿಜ, ಆದರೆ ಹುರಿದಾಗ ಬೀಜ ಉಬ್ಬಿ ತೂತಿನ ಅಳತೆ ಕೆಡುತ್ತದೆ. ಹುರಿದ ಮೇಲೇ ಕೊರೆಯಿರಿ, ಕೈ ಹಗುರ ಇರಲಿ.

ಕೊರೆಯಲು ಬೆರಳಲ್ಲಿ ತಿರುಗಿಸುವ ಸಣ್ಣ ಕೈ ಡ್ರಿಲ್, 1 ಮಿಲಿಮೀಟರ್ ಬಿಟ್. ಬೀಜವನ್ನು ಬೆರಳಲ್ಲಿ ಹಿಡಿದು ಕೊರೆಯಬೇಡಿ, ಬಿಟ್ ಜಾರಿದರೆ ನೇರ ಉಗುರಿನ ಸಂದಿಗೆ. ಹಲಗೆಯ ಮೇಲೆ ಮಕ್ಕಳಾಡುವ ಕ್ಲೇ ಒಂದು ಉಂಡೆ ಒತ್ತಿ, ಅದರಲ್ಲಿ ಬೀಜವನ್ನು ನೆಟ್ಟಗೆ ಅರ್ಧ ಹೂತು, ತುದಿಯಿಂದ ಉದ್ದಕ್ಕೆ ಕೊರೆಯಿರಿ. ಅರ್ಧ ತಲುಪಿದಾಗ ನಿಲ್ಲಿಸಿ, ಬೀಜ ತಿರುಗಿಸಿ, ಇನ್ನೊಂದು ತುದಿಯಿಂದ ಬನ್ನಿ. ಒಂದೇ ಕಡೆಯಿಂದ ಪೂರ್ತಿ ಕೊರೆದರೆ ಬಿಟ್ ಹೊರಬೀಳುವ ಜಾಗದಲ್ಲಿ ಚಕ್ಕೆ ಏಳುತ್ತದೆ. ನಾಲ್ಕೈದು ಸುತ್ತಿಗೊಮ್ಮೆ ಬಿಟ್ ಹೊರಗೆಳೆದು ಪುಡಿ ಒರೆಸಿ. ಪುಡಿ ಎಣ್ಣೆಯ ಜೊತೆ ಸೇರಿ ಬಿಟ್‌ಗೆ ಅಂಟಿಕೊಂಡಾಗಲೇ ಬೀಜ ಸೀಳುವುದು. ಬ್ಯಾಟರಿ ಡ್ರಿಲ್ ಇದ್ದವರು ಅತಿ ನಿಧಾನದ ವೇಗದಲ್ಲಿ ಇಡಿ. ಸುಟ್ಟ ವಾಸನೆ ಬಂದರೆ ವೇಗ ಜಾಸ್ತಿಯಾಯಿತು ಎಂದರ್ಥ.

ಲೇಪಕ್ಕೆ ನೇಲ್ ಪಾಲಿಶ್ ಸುಲಭ ಅನ್ನಿಸುತ್ತದೆ. ಈ ತಿಂಗಳಲ್ಲಿ ಬೇಡ. ಅದರ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ, ಲೇಪ ಹಾಲು ಹಾಲಾಗುತ್ತದೆ. ನೀರಿನ ಆಧಾರದ ಅಕ್ರಿಲಿಕ್ ವಾರ್ನಿಷ್ ನಿಧಾನ, ಆದರೆ ಕಾದರೆ ತಿಳಿಯಾಗಿ ನಿಲ್ಲುತ್ತದೆ. ತೆಳುವಾಗಿ ಮೂರು ಸಲ, ನಡುವೆ ಎಂಟು ಗಂಟೆಯಾದರೂ ಬಿಡುವು. ಹಳೆಯ ಬಿಸ್ಕೆಟ್ ಟಿನ್‌ನ ಮುಚ್ಚಳದಲ್ಲಿ ನಾಲ್ಕು ತೂತು ಹೊಡೆದು, ಒಳಗೆ ತಂತಿಯಲ್ಲಿ ಬೀಜ ತೂಗುಹಾಕಿ, ತಳದಲ್ಲಿ ಸಿಲಿಕಾ ಜೆಲ್ ಹರಡಿದರೆ ಒಣಗುವ ಪೆಟ್ಟಿಗೆ ಸಿದ್ಧ. ಫ್ರಿಜ್‌ನ ಹಿಂಬದಿಯ ಬಿಸಿ ಗಾಳಿಗೆ ಹತ್ತಿರ ಇಟ್ಟರೆ ಇನ್ನೂ ಒಳ್ಳೆಯದು. ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದರೆ ತೇವ ತುಂಬಿದೆ ಎಂದು ತಿಳಿಯಿರಿ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ ಬರುತ್ತದೆ. ಆ ನೀಲಿ ಕೋಬಾಲ್ಟ್‌ನದು, ವಿಷ. ಅದಕ್ಕೆ ಬಳಸಿದ ತವಾ ಮತ್ತೆ ರೊಟ್ಟಿಗೆ ಬಳಸಬಾರದು, ಮಕ್ಕಳ ಕೈಗೂ ಸಿಗಬಾರದು.

ಜೋಡಿಸುವುದು ಸಣ್ಣ ಕೆಲಸ. 0.7 ಮಿಲಿಮೀಟರ್ ದಪ್ಪದ, ಒಂದು ತುದಿಯಲ್ಲಿ ತಲೆ ಇರುವ ಹೆಡ್ ಪಿನ್‌ಗೆ ಮೊದಲು 3 ಮಿಲಿಮೀಟರ್ ಚಿನ್ನದ ಬಣ್ಣದ ಮಣಿ, ಆಮೇಲೆ ಬೀಜ, ಮೇಲೊಂದು ಬೀಡ್ ಕ್ಯಾಪ್ (ತುದಿ ಮುಚ್ಚುವ ಲೋಹದ ಟೊಪ್ಪಿ). ಕ್ಯಾಪ್‌ನ ಮೇಲೆ 10 ಮಿಲಿಮೀಟರ್ ಪಿನ್ ಬಿಟ್ಟು ಉಳಿದದ್ದು ಕತ್ತರಿಸಿ, ಬುಡದಲ್ಲೇ ಒಂದು ಪಕ್ಕಕ್ಕೆ ಮಡಚಿ, ಗುಂಡು ಮೂತಿಯ ಪ್ಲೈಯರ್‌ನಿಂದ ಎದುರು ದಿಕ್ಕಿಗೆ ಸುತ್ತಿ. 3 ಮಿಲಿಮೀಟರ್ ಕುಣಿಕೆಯ ಸುತ್ತಳತೆ ಸುಮಾರು ಒಂಬತ್ತೂವರೆ ಮಿಲಿಮೀಟರ್, ಅದಕ್ಕೇ ಈ 10ರ ಲೆಕ್ಕ. ಮಡಚುವಾಗ ಪ್ಲೈಯರ್ ತಂತಿಯನ್ನು ಹಿಡಿಯಬೇಕೇ ಹೊರತು ಬೀಜದ ಮೇಲೆ ಒತ್ತಬಾರದು. ಕುಣಿಕೆಯನ್ನು ಕೊಕ್ಕೆಗೆ ಸೇರಿಸುವ ಸಣ್ಣ ಉಂಗುರ, ಅಂದರೆ ಜಂಪ್ ರಿಂಗ್ ಬಿಡಿಸುವಾಗ ಎರಡು ತುದಿಗಳನ್ನು ಎಡಬಲಕ್ಕೆ ಎಳೆಯಬೇಡಿ. ಒಂದನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಚಿ. ಎಳೆದ ರಿಂಗ್ ಮತ್ತೆ ಗುಂಡಗೆ ಕೂಡುವುದೇ ಇಲ್ಲ, ಆ ಸಂದಿಯಿಂದಲೇ ಓಲೆ ಕಳಚಿ ಬಿದ್ದುಹೋಗುತ್ತದೆ.

ಕಿವಿಗೆ ಹೋಗುವ ಕೊಕ್ಕೆಯಲ್ಲಿ ಜಿಪುಣತನ ಬೇಡ. ಅಗ್ಗದ ಕೊಕ್ಕೆಗಳಲ್ಲಿ ನಿಕ್ಕಲ್ ಇರುತ್ತದೆ, ಕೆಲವರ ಕಿವಿ ಎರಡೇ ದಿನಕ್ಕೆ ಕೆಂಪಾಗಿ ಸೋರುತ್ತದೆ. 92.5 ಬೆಳ್ಳಿಯ 0.8 ಮಿಲಿಮೀಟರ್ ಕೊಕ್ಕೆ ಹಾಕಿ.

ಗುಲಗಂಜಿಯನ್ನು ಹೀಗೆ ಕೊರೆಯಬಹುದೇ ಎಂದು ಕೇಳುವವರಿದ್ದಾರೆ. ಬೇಡವೇ ಬೇಡ. ಸಿಪ್ಪೆ ಗಟ್ಟಿ ಇರುವವರೆಗೆ ವಿಷ ಒಳಗಿರುತ್ತದೆ, ಕೊರೆದ ತಕ್ಷಣ ಅಬ್ರಿನ್ ಹೊರಗೆ. ಪುಡಿ ಮೂಗಿಗೆ ಹೋದರೂ ಅಪಾಯ, ಮಗು ಸರ ಕಚ್ಚಿದರಂತೂ ಹೇಳುವುದೇ ಬೇಡ. ಕೆಂಪು ಬೀಜವೇ ಬೇಕೆಂದರೆ ಪೂರ್ತಿ ಕೆಂಪಗಿರುವ ಮಂಜಾಡಿ ಇದೆ. ಅದು ಬಲು ಗಟ್ಟಿ, ಕೊರೆಯಲು ತಾಳ್ಮೆ ಬೇಕು.

ಇನ್ನು ಬಳೆ, ಅಂದರೆ ಪ್ಲಾಸ್ಟಿಕ್ ಬಳೆಗೆ ರೇಷ್ಮೆದಾರ ಸುತ್ತಿ ಮಾಡುವುದು. ಅಂಗಡಿಯಲ್ಲಿ 2.4, 2.6 ಎನ್ನುವುದು ದಶಾಂಶವಲ್ಲ. ಚುಕ್ಕಿಯ ನಂತರದ್ದು ಇಂಚಿನ 16ರಲ್ಲಿ ಎಷ್ಟು ಭಾಗ ಎಂಬ ಲೆಕ್ಕ, ಹಳೆಯ ಆಣೆಯ ಹಾಗೆ. 2.4ರ ಒಳವ್ಯಾಸ 57 ಮಿಲಿಮೀಟರ್, 2.6ರದ್ದು 60, 2.8ರದ್ದು 63.5. ದಾರ ಸುತ್ತಿದಾಗ ಒಳಗಡೆ ಎರಡೂ ಬದಿ ಸೇರಿ ಒಂದು ಮಿಲಿಮೀಟರ್ ಮೇಲೆ ಕಡಿಮೆಯಾಗುತ್ತದೆ. ಆದ್ದರಿಂದ 2.4 ಬಿಗಿಯಾಗಿ ಕೂರುವ ಕೈಗೆ 2.6ರ ಪ್ಲಾಸ್ಟಿಕ್ ಬಳೆಯನ್ನೇ ತೆಗೆದುಕೊಳ್ಳಿ.

5 ಮಿಲಿಮೀಟರ್ ಅಗಲದ ಬಳೆಗೆ 20 ಎಳೆ, ತಲಾ ಒಂದೂಕಾಲು ಮೀಟರ್. ಎಳೆಗಳು ಒಂದರ ಪಕ್ಕ ಒಂದು ಚಪ್ಪಟೆಯಾಗಿ, ಪಟ್ಟಿಯ ಹಾಗೆ ಕೂರಬೇಕು. ಹುರಿಗೊಂಡರೆ ಹೊಳಪು ಹೋಯಿತು. ಒಳಮೈಯಲ್ಲಿ ಒಂದು ಚುಕ್ಕೆ ಫ್ಯಾಬ್ರಿಕ್ ಗ್ಲೂ ಹಾಕಿ ತುದಿ ಕೂರಿಸಿ, ಗಟ್ಟಿಯಾದ ಮೇಲೆ ಸುತ್ತಲು ಶುರು. ಹೊರಮೈಯಲ್ಲಿ ಅಲ್ಲಲ್ಲಿ ಪ್ಲಾಸ್ಟಿಕ್ ಇಣುಕುವುದು ಎಲ್ಲರ ದೂರು. ಕಾರಣ ಸರಳ: ಬಳೆಯ ಹೊರಸುತ್ತು ಒಳಸುತ್ತಿಗಿಂತ ಸುಮಾರು ಎರಡು ಸೆಂಟಿಮೀಟರ್ ಉದ್ದ. ಒಳಗೆ ಅಂಚಿಗೆ ಅಂಚು ತಾಗುವಂತೆ ಸುತ್ತಿದರೆ ಹೊರಗೆ ಸಂದಿ ಬಿದ್ದೇ ಬೀಳುತ್ತದೆ. ಕಣ್ಣು ಹೊರಮೈ ಮೇಲಿರಲಿ, ಒಳಗೆ ಪಟ್ಟಿ ಸ್ವಲ್ಪ ಒಂದರ ಮೇಲೊಂದು ಏರಲಿ. ಕೊಡವ ಮದುವೆಯ ಕೆಂಪು ಸೀರೆಗೆ ಹೊಂದಿಸುವವರು ಕಪ್ಪು ಅಥವಾ ಕೆಂಪು ಪ್ಲಾಸ್ಟಿಕ್ ಬಳೆಯನ್ನೇ ಆರಿಸಿಕೊಂಡರೆ ಸಣ್ಣ ಸಂದಿ ಕಾಣಿಸುವುದೂ ಇಲ್ಲ. ಬಿಳಿ ಬಳೆ ತಪ್ಪನ್ನೆಲ್ಲ ತೋರಿಸುತ್ತದೆ.

ರೇಷ್ಮೆದಾರ ಎಂದು ಮಾರುವುದರಲ್ಲಿ ಬಹುಪಾಲು ವಿಸ್ಕೋಸ್ ಇಲ್ಲವೇ ಪಾಲಿಯೆಸ್ಟರ್. ವಿಸ್ಕೋಸ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಬಿಗಿಯಾಗಿ ಎಳೆದರೆ ತುಂಡಾಗುತ್ತದೆ. ತೇವದ ದಿನ ಪಾಲಿಯೆಸ್ಟರ್ ವಾಸಿ. ಸ್ಟೋನ್ ಚೈನ್ (ಸಾಲಾಗಿ ಕಲ್ಲು ಕೂರಿಸಿದ ಸರಪಳಿ) ಅಂಟಿಸುವುದಿದ್ದರೆ 2.6ಕ್ಕೆ 22 ಸೆಂಟಿಮೀಟರ್ ಕತ್ತರಿಸಿ.

ಅವಸರದಲ್ಲಿ ಫೆವಿಕ್ವಿಕ್ ಹಾಕುವ ಅಭ್ಯಾಸ ಬಿಡಬೇಕು. ಅದು ಗಟ್ಟಿಯಾಗುವುದೇ ತೇವದಿಂದ, ಹಾಗಾಗಿ ಮಳೆಗಾಲದಲ್ಲಿ ಕ್ಷಣದಲ್ಲಿ ಹಿಡಿಯುತ್ತದೆ. ಆದರೆ ಅದರ ಆವಿ ಸುತ್ತಲಿನ ಕಲ್ಲು, ದಾರದ ಮೇಲೆ ಬಿಳಿ ಬೂದಿಯಾಗಿ ಕೂರುತ್ತದೆ, ತಾಗಿದ ದಾರ ಕಡ್ಡಿಯಾಗಿ ಮುರಿಯುತ್ತದೆ. ಹತ್ತಿಬಟ್ಟೆಗೆ ಹೆಚ್ಚು ಚೆಲ್ಲಿದರೆ ಬಿಸಿಯೇರಿ ಕೈ ಸುಡುವುದೂ ಉಂಟು.

ಕೊಡವರ ಚಿನ್ನದ ಗುಂಡಿನ ಹಾರವಾದ ಜೋಮಾಲೆಯ ಮಾದರಿಯ ಸರ ಮಾಡುವವರಿಗೆ ಒಂದೆರಡು ಮಾತು. ಅಸಲಿ ಜೋಮಾಲೆಯ ಚಿನ್ನದ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ, ಅದರಿಂದಲೇ ತೆಳು ತಗಡು ನೆಗ್ಗುವುದಿಲ್ಲ. ಅಂಗಡಿಯ ಪಾಲಿಶ್ ಗುಂಡು ಒಳಗೆ ಟೊಳ್ಳು, ತೂತಿನ ಅಂಚು ಬ್ಲೇಡಿನಷ್ಟು ಹರಿತ. ಹತ್ತಿದಾರ ಅದಕ್ಕೆ ತಡೆಯದು. ಗೇರ್ ವೈರ್ (ಪ್ಲಾಸ್ಟಿಕ್ ಲೇಪದ ಉಕ್ಕಿನ ತಂತಿ) ಹಾಕಿ, ತುದಿಯಲ್ಲಿ ಗೇರ್ ಲಾಕ್ (ತಂತಿ ಹಿಡಿದಿಡುವ ಸಣ್ಣ ಲೋಹದ ಮಣಿ) ಒತ್ತಿ. ಒತ್ತುವ ಮೊದಲು ಎರಡು ಮಿಲಿಮೀಟರ್ ಸಡಿಲ ಬಿಡದಿದ್ದರೆ ಸರ ಬಾಗದೆ ಕೋಲಿನ ಹಾಗೆ ನಿಲ್ಲುತ್ತದೆ. 18 ಇಂಚಿಗೆ 6 ಮಿಲಿಮೀಟರ್ ಗುಂಡು 76 ಬೇಕು, 8ರದ್ದಾದರೆ 57. ಹಿಂದೆ ದೋರಿ, ಅಂದರೆ ಕಟ್ಟುವ ದಾರ ಇಡುವುದಾದರೆ ಮೂರನೇ ಒಂದು ಭಾಗ ಕಡಿಮೆ ಮಾಡಿ. ನೈಲಾನ್ ದಾರವೇ ಬೇಕೆಂದರೆ ಹಿಂದಿನ ರಾತ್ರಿ ಅದಕ್ಕೆ ಒಂದು ಬೀಗ ಕಟ್ಟಿ ತೂಗುಹಾಕಿ. ಮೊದಲೇ ಹಿಗ್ಗಿದ ದಾರ ಆಮೇಲೆ ಜೋಲುವುದಿಲ್ಲ. ಪತ್ತಾಕ್‌ನ ನಕಲು ಮಾಡಿ ಮಾರುವುದು ಮಾತ್ರ ಸರಿಯಲ್ಲ ಅನ್ನಿಸುತ್ತದೆ. ಕೊಡವ ಮುತ್ತೈದೆಯರ ಒಡವೆ ಅದು, ಫ್ಯಾನ್ಸಿ ಸಾಮಾನಲ್ಲ.

ಮುಗಿದದ್ದನ್ನು ಒಂದೊಂದಾಗಿ ಜಿಪ್ ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಬೆಳ್ಳಿ ಕೊಕ್ಕೆಯ ಜೊತೆ ರಬ್ಬರ್ ಬ್ಯಾಂಡ್ ಇಡಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಸೆಪ್ಟೆಂಬರ್ 3ರ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಬೇಕಾದ ಬಳೆ ಇದ್ದರೆ ಆಗಸ್ಟ್ 25ರೊಳಗೆ ದಾರ ಸುತ್ತಿ ಮುಗಿಸಿ. ಕಲ್ಲು ಅಂಟಿಸಿದ ಮೇಲೆ ಎರಡು ದಿನ ಟಿನ್‌ನಲ್ಲಿಟ್ಟು, ಉಗುರಿನಿಂದ ಒಂದೊಂದು ಕಲ್ಲನ್ನೂ ತಳ್ಳಿ ನೋಡಿ. ಅಲುಗಿದ್ದನ್ನು ಕಿತ್ತು, ಹಳೆಯ ಅಂಟು ಕೆರೆದು, ಮತ್ತೆ ಕೂರಿಸಲು ಅಷ್ಟು ದಿನ ಬೇಕಾಗುತ್ತದೆ.