ಜಾರ್ಜ್ ಜೆಸೆಲ್ ಆಡಿಯೊ ಸರಣಿ: ಕೆಲಸ ಎಲ್ಲಿಗೆ ಬಂತು

ಮೊದಲ ಮೂರು ಕಂತುಗಳ ರೆಕಾರ್ಡಿಂಗ್ ಮುಗಿಯಿತು. ನಾಲ್ಕನೆಯದು ಅರ್ಧ ಆಗಿದೆ. ಹೊಸದಾಗಿ ಓದುವವರಿಗೆ ಎರಡು ಮಾತು: ಇದು ಅಮೆರಿಕದ ಜಾರ್ಜ್ ಜೆಸೆಲ್ ಕಥೆಯನ್ನು ಕನ್ನಡದಲ್ಲಿ ಹೇಳುವ ಆಡಿಯೊ ಸರಣಿ. ವಾಡೆವಿಲ್ (ಹಾಡು, ಹಾಸ್ಯ, ಆಟ ಎಲ್ಲ ಬೆರೆತ ರಂಗಪ್ರದರ್ಶನ) ವೇದಿಕೆಯಲ್ಲಿ ಹಾಡಿ ನಗಿಸುತ್ತಿದ್ದ ಹುಡುಗ ಮುಂದೆ ಆ ದೇಶದ ಅತಿ ಹೆಸರಾಂತ ಟೋಸ್ಟ್‌ಮಾಸ್ಟರ್ ಆದ. ದೊಡ್ಡ ಔತಣಕೂಟ ಅಂದರೆ ಸನ್ಮಾನಿತರ ಬಗ್ಗೆ ಎದ್ದು ನಿಂತು ಮಾತಾಡೋಕೆ ಅವನೇ ಬೇಕು. ಅಧ್ಯಕ್ಷ ಟ್ರೂಮನ್ ಅವನನ್ನು ‘ಟೋಸ್ಟ್‌ಮಾಸ್ಟರ್ ಜನರಲ್’ ಅಂತ ಕರೆದರು. ಆ ಹೆಸರು ಕೊನೆವರೆಗೂ ಅವನ ಜೊತೆಗೇ ಉಳಿಯಿತು.

ಮೊದಲ ಕಂತು ಬಾಲ್ಯದ್ದು. 1898ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ. ಅಪ್ಪ ಬೇಗ ತೀರಿಕೊಂಡರು. ಅಮ್ಮ ಇಂಪೀರಿಯಲ್ ಥಿಯೇಟರಿನಲ್ಲಿ ಟಿಕೆಟ್ ಮಾರುತ್ತಿದ್ದಳು. ಅಲ್ಲೇ ಜನರಿಗೆ ಸೀಟು ತೋರಿಸುತ್ತಿದ್ದ ಮೂವರು ಹುಡುಗರು ಸೇರಿ ಒಂದು ಹಾಡಿನ ತಂಡ ಕಟ್ಟಿದರು. ಜೆಸೆಲ್‌ಗೆ ಆಗ ಹತ್ತು ವರ್ಷದ ಆಸುಪಾಸು. ಮೂವರಲ್ಲಿ ಇನ್ನೊಬ್ಬ ವಾಲ್ಟರ್ ವಿಂಚೆಲ್. ಮುಂದೆ ಅವನ ಪತ್ರಿಕಾ ಅಂಕಣಕ್ಕೆ ನ್ಯೂಯಾರ್ಕಿನ ನಾಟಕರಂಗ, ಅಂದರೆ ಇಡೀ ಬ್ರಾಡ್‌ವೇ ಹೆದರುತ್ತಿತ್ತು. ಆಮೇಲೆ ಜೆಸೆಲ್ ಗಸ್ ಎಡ್ವರ್ಡ್ಸ್‌ನ ಮಕ್ಕಳ ತಂಡ ಸೇರಿದ. ಮುಂದೆ ಹಾಸ್ಯನಟನಾಗಿ ಹೆಸರಾದ ಎಡ್ಡಿ ಕ್ಯಾಂಟರ್ ಸಿಕ್ಕಿದ್ದು ಅಲ್ಲೇ. ಅವರ ಸ್ನೇಹ ಜೀವಮಾನದ್ದು.

ಎರಡನೇ ಕಂತು ವಾಡೆವಿಲ್ ಬಗ್ಗೆ. ಇದಕ್ಕೆ ಜಾಸ್ತಿ ಸಮಯ ಕೊಟ್ಟೆ. ಅದು ಹೇಗೆ ನಡೆಯುತ್ತಿತ್ತು ಅಂತ ಗೊತ್ತಾಗದಿದ್ದರೆ ಈ ಮನುಷ್ಯ ಅರ್ಥವಾಗೋದಿಲ್ಲ. ಒಂದು ಟಿಕೆಟ್ಟಿಗೆ ಎಂಟೊಂಬತ್ತು ಐಟಂ. ದೊಂಬರಾಟ, ನಾಯಿ ಆಟ, ಹಾಡು, ಜಾದೂ, ಹಾಸ್ಯ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಒಬ್ಬೊಬ್ಬರಿಗೆ ಹತ್ತು-ಹದಿನೈದು ನಿಮಿಷ. ಬಹಳ ಕಾಲ ನಿರೂಪಕ ಅಂತ ಯಾರೂ ಇರಲಿಲ್ಲ. ವೇದಿಕೆಯ ಪಕ್ಕದಲ್ಲಿ ಹೆಸರು ಬರೆದ ಬೋರ್ಡ್ ಇಡುತ್ತಿದ್ದರು, ಅಷ್ಟೇ. ನಿಮ್ಮ ಬಗ್ಗೆ ನಾಲ್ಕು ಒಳ್ಳೆ ಮಾತು ಹೇಳಿ ಜನರನ್ನು ಸಿದ್ಧ ಮಾಡಿಡುವವರು ಇಲ್ಲ. ಹಿಂದಿನ ಐಟಂನ ನಾಯಿ ಚಪ್ಪಾಳೆ ಹೊಡೆಸಿಕೊಂಡು ಹೋದಮೇಲೆ ಅದೇ ಜನರನ್ನು ನೀವು ಹಿಡಿದು ಕೂರಿಸಬೇಕು.

ಜೆಸೆಲ್ ಅವರನ್ನು ಹಿಡಿದಿಟ್ಟಿದ್ದು ಒಂದು ಫೋನಿನಿಂದ. ಅದೇ ಅವನ ಹೆಸರಾಂತ ಐಟಂ. ಮಗ ಅಮ್ಮನಿಗೆ ಫೋನ್ ಮಾಡುತ್ತಾನೆ. ಅಮ್ಮ ಏನು ಹೇಳಿದಳು ಅಂತ ನಮಗೆ ಕೇಳಿಸೋದೇ ಇಲ್ಲ. ಅವನ ಉತ್ತರದಿಂದಲೇ ಅವಳು ಗದರಿದ್ದು, ಬೇಜಾರಾಗಿದ್ದು, ಮಾತು ತಪ್ಪಿಸಿದ್ದು ಎಲ್ಲ ತಿಳಿಯಬೇಕು.

ಇದನ್ನು ಸುಮ್ನೆ ವಿವರಿಸಿದರೆ ಸಾಲದು, ಕೇಳಿಸಬೇಕು ಅನ್ನಿಸಿತು. ಅವನ ಮಾತುಗಳನ್ನು ಮುಟ್ಟದೆ, ಅದೇ ಕಟ್ಟಿನಲ್ಲಿ ನಾನೇ ಒಂದು ಚಿಕ್ಕ ಕರೆ ಬರೆದೆ. ವಿಧಾನ ಹೀಗಿದೆ: ಮೊದಲು ಅಮ್ಮನ ಮಾತುಗಳನ್ನೂ ಪೂರ್ತಿ ಬರೆದೆ. ‘ಊಟ ಆಯ್ತಾ?’ ಅನ್ನೋದರಿಂದ ಹಿಡಿದು ಪಕ್ಕದ ಮನೆಯವರ ದೂರಿನವರೆಗೆ. ಅದನ್ನು ಮನೆಯಲ್ಲಿ ಅಕ್ಕನ ದನಿಯಲ್ಲಿ ರೆಕಾರ್ಡ್ ಮಾಡಿ, ಹೆಡ್‌ಫೋನ್‌ನಲ್ಲಿ ಕೇಳುತ್ತಾ ಮಗನ ಭಾಗ ಮಾತಾಡಿದೆ. ಆಮೇಲೆ ಅಕ್ಕನ ಟ್ರ್ಯಾಕ್ ಮ್ಯೂಟ್ ಮಾಡಿದೆ. ಆಗ ಉಳಿದ ಮೌನಗಳು ಒಂದೊಂದೂ ಬೇರೆ ಉದ್ದ. ‘ಹೂಂ’ ಅನ್ನುವ ಮುಂಚಿನ ಮೌನ ಚಿಕ್ಕದು, ‘ಇಲ್ಲ ಅಮ್ಮಾ, ಹಾಗಲ್ಲ’ ಅನ್ನುವ ಮುಂಚಿನದು ಉದ್ದ. ಎಡಿಟಿಂಗಿನಲ್ಲಿ ಆ ಉದ್ದದ ಮೌನವನ್ನು ಸ್ವಲ್ಪ ಕತ್ತರಿಸಿ ನೋಡಿದೆ. ತಕ್ಷಣ ಅಮ್ಮ ಮಾಯ! ಫೋನ್ ಹಿಡಿದು ಒಬ್ಬನೇ ಮಾತಾಡುತ್ತಿರುವ ಹಾಗೆ ಕೇಳಿಸಿತು. ಆ ಮೌನವನ್ನು ಪೂರ್ತಿ ವಾಪಸ್ ಹಾಕಿದೆ. ಇಡೀ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಮೂರನೇ ಕಂತು 1925ರದು. ‘ದ ಜಾಝ್ ಸಿಂಗರ್’ ನಾಟಕದಲ್ಲಿ ಜೆಸೆಲ್‌ದೇ ಮುಖ್ಯ ಪಾತ್ರ. ಬ್ರಾಡ್‌ವೇಯಲ್ಲಿ ಚೆನ್ನಾಗಿ ಓಡಿತು. 1927ರಲ್ಲಿ ವಾರ್ನರ್ ಬ್ರದರ್ಸ್ ಅದನ್ನು ಸಿನಿಮಾ ಮಾಡಿದಾಗ ಪಾತ್ರ ಗಾಯಕ ಆಲ್ ಜಾಲ್ಸನ್‌ಗೆ ಹೋಯಿತು. ದುಡ್ಡಿನ ಜಗಳವೂ ಇತ್ತು, ಕಥೆಯ ಕೊನೆ ಬದಲಾಯಿಸಿದ್ದಕ್ಕೆ ಬೇಸರವೂ ಇತ್ತು. ನಾಟಕದಲ್ಲಿ ಮಗ ರಂಗಭೂಮಿ ಬಿಟ್ಟು ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಅಪ್ಪನ ಜಾಗದಲ್ಲಿ ಪ್ರಾರ್ಥನೆ ಹಾಡಲು ಹೋಗುತ್ತಾನೆ. ಸಿನಿಮಾದಲ್ಲಿ ಮತ್ತೆ ರಂಗಕ್ಕೆ ಬರುತ್ತಾನೆ. ಜೆಸೆಲ್ ಬಗ್ಗೆ ಬರೆಯುವವರು ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ. ‘ಅವಕಾಶ ಕಳೆದುಕೊಂಡವನು’ ಅಂತ ಮುದ್ರೆ ಒತ್ತುತ್ತಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಅವನ ಜೀವನದ ಮುಖ್ಯ ಕೆಲಸ ಇನ್ನೂ ಮುಂದಿತ್ತು. ಹಾಗಾಗಿ ಈ ಕಂತನ್ನು ಬೇಕಂತಲೇ ಚಿಕ್ಕದಾಗಿ ಇಟ್ಟಿದ್ದೇನೆ.

ಈಗ ನಡೆಯುತ್ತಿರುವುದು ನಾಲ್ಕನೇ ಕಂತು. 1932ರಲ್ಲಿ, ವಾಡೆವಿಲ್‌ನ ಅತಿ ದೊಡ್ಡ ಹೆಸರಿನ ವೇದಿಕೆಯಾಗಿದ್ದ ನ್ಯೂಯಾರ್ಕಿನ ಪ್ಯಾಲೇಸ್ ಥಿಯೇಟರ್ ಸಿನಿಮಾಕ್ಕೆ ತಿರುಗಿತು. ವಾಡೆವಿಲ್ ಕಥೆ ಹೆಚ್ಚುಕಡಿಮೆ ಮುಗಿಯಿತು. ಜೆಸೆಲ್ ಮುಂದೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಲ್ಲಿ ಸಿನಿಮಾ ನಿರ್ಮಾಪಕನಾದ. ಅದರ ಜೊತೆಗೇ ಔತಣಕೂಟಗಳ ಮಾತುಗಾರನಾಗಿ ಬೆಳೆದ. ಇಲ್ಲೇ ನನ್ನ ಸರಣಿಯ ಎಳೆ ಸಿಕ್ಕಿತು. ಔತಣಕೂಟದಲ್ಲಿ ಸನ್ಮಾನಿತರು ಪಕ್ಕದಲ್ಲೇ ಕೂತಿರುತ್ತಾರೆ, ಉತ್ತರ ಕೊಡುವ ಹಾಗಿಲ್ಲ. ಇವನೊಬ್ಬನ ಮಾತಿನಲ್ಲೇ ಅವರು ಜನರ ಕಣ್ಣಿಗೆ ಕಟ್ಟಬೇಕು. ಫೋನಿನಲ್ಲಿ ಅಮ್ಮನಿಗೆ ಮಾಡಿದ್ದೂ ಇದನ್ನೇ ಅಲ್ವಾ?

ತೀರಿಕೊಂಡವರ ಬಗ್ಗೆ ಮಾತಾಡಲೂ ಅವನನ್ನೇ ಕರೆಯುತ್ತಿದ್ದರು. 1950ರ ಅಕ್ಟೋಬರಿನಲ್ಲಿ ಜಾಲ್ಸನ್ ಸತ್ತಾಗ ಹಾಲಿವುಡ್‌ನಲ್ಲಿ ನುಡಿನಮನ ಹೇಳಿದ್ದು ಜೆಸೆಲ್! ಪಾತ್ರ ಕೈತಪ್ಪಿದ ನೋವು ಅವನಲ್ಲಿ ವರ್ಷಗಟ್ಟಲೆ ಇತ್ತು. ಆದರೂ ಆ ದಿನ ಅವನು ನೆನೆಸಿದ್ದು ಬೇರೆ. ವಲಸೆ ಬಂದ ಯಹೂದಿಗಳು ತಮ್ಮ ಕಷ್ಟಗಳನ್ನೇ ಹಾಸ್ಯ ಮಾಡಿಕೊಂಡು, ಭುಜ ಬಗ್ಗಿಸಿ ನಡೆಯುತ್ತಿದ್ದ ಕಾಲದಲ್ಲಿ ತಲೆ ಎತ್ತಿ ವೇದಿಕೆಗೆ ಬಂದ ಹುಡುಗ ಜಾಲ್ಸನ್ ಅಂತ. ಆ ಮಾತಿನ ಸಾರ ಓದುವಾಗ ನನಗೆ ಗಂಟಲು ಕಟ್ಟುತ್ತದೆ. ಅದೇ ಜಾಲ್ಸನ್, ಕಪ್ಪು ಜನರನ್ನು ಅಣಕಿಸುವ ಆ ಕಾಲದ ರೂಢಿಯಂತೆ, ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡಿ ಹೆಸರು ಮಾಡಿದ್ದ ಅನ್ನುವುದನ್ನೂ ಈ ಕಂತಿನಲ್ಲಿ ಹೇಳುತ್ತೇನೆ. ಅದನ್ನು ಮುಚ್ಚಿಟ್ಟರೆ ಆ ಕಾಲದ ಕಥೆ ಪೂರ್ತಿಯಾಗೋದಿಲ್ಲ.

ಐದನೇ ಕಂತಿಗೆ ಟಿಪ್ಪಣಿ ಸಿದ್ಧ. ಸೈನಿಕರಿಗಾಗಿ ಮಾಡಿದ ಪ್ರವಾಸಗಳು, ದಾನ ಎತ್ತಲು ನಡೆಸಿದ ಕೂಟಗಳು, ಅದಕ್ಕಾಗಿ ಆಸ್ಕರ್‌ನವರು ಕೊಟ್ಟ ಜೀನ್ ಹರ್ಷೋಲ್ಟ್ ಮಾನವೀಯ ಪ್ರಶಸ್ತಿ. 1971ರಲ್ಲಿ ಟಿವಿ ನೇರಪ್ರಸಾರದಲ್ಲಿ ದೊಡ್ಡ ಪತ್ರಿಕೆಗಳನ್ನು ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಪ್ರಾವ್ದಾಗೆ ಹೋಲಿಸಿದಾಗ ಸಂದರ್ಶಕ ಎಡ್ವಿನ್ ನ್ಯೂಮನ್ ಅವನ ಮಾತನ್ನು ಅಲ್ಲಿಗೇ ನಿಲ್ಲಿಸಿದ್ದು. 1981ರ ಮೇನಲ್ಲಿ ಅವನ ಸಾವು.

ಆ ಟಿವಿ ಪ್ರಸಂಗವನ್ನು ಕಂತಿನ ಶುರುವಿಗೇ ಇಡಬೇಕು ಅಂತಿದ್ದೇನೆ. ಎದುರಿನವರು ಉತ್ತರ ಕೊಡದ ಕಡೆಯೇ ಜೀವಮಾನವಿಡೀ ಮಾತಾಡಿದವನಿಗೆ ಅಲ್ಲಿ ಉತ್ತರ ಬಂತು. ನಾಲ್ಕನೇ ಕಂತಿನ ಉಳಿದ ರೆಕಾರ್ಡಿಂಗ್ ಮುಗಿದ ಕೂಡಲೇ ಆ ಭಾಗ ಬರೆಯಲು ಕೂರುತ್ತೇನೆ.