ಪಿಟೀಲನ್ನು ವಿಮಾನದೊಳಗೆ ಬಿಡ್ತಾರಾ?

ಜುಲೈ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. ಓದಲು ಹೊರದೇಶಕ್ಕೆ ಹೊರಟ ಮಕ್ಕಳ ತಾಯಂದಿರು, ಮೊಮ್ಮಗಳಿಗೆಂದು ಇಲ್ಲಿಂದ ವಾದ್ಯ ಕೊಂಡೊಯ್ಯುವ ಅಜ್ಜಂದಿರು, ಮೊದಲ ಸಲ ಪರವೂರಿನಲ್ಲಿ ಕಛೇರಿ ಸಿಕ್ಕ ಹುಡುಗರು, ಎಲ್ಲರದೂ ಅದೇ ಮಾತು: "ಮೇಷ್ಟ್ರೇ, ವಯೊಲಿನ್ನು ಕೈಯಲ್ಲೇ ತಗೊಂಡು ಹೋಗೋಕೆ ಬಿಡ್ತಾರಾ, ಇಲ್ಲಾ ಲಗೇಜಿಗೇ ಹಾಕಿಬಿಡ್ಲಾ?"

ಲಗೇಜಿಗೆ ಹಾಕಬೇಡಿ. ಹೆಚ್ಚಿನ ಸಲ ಒಳಗೆ ಬಿಡುತ್ತಾರೆ. ಆದರೆ ಬಿಡಲೇಬೇಕು ಅನ್ನುವ ಹಕ್ಕು ನಿಮ್ಮ ಕೈಯಲ್ಲಿಲ್ಲ ಅನ್ನುವುದನ್ನು ತಿಳಿದುಕೊಂಡೇ ಮನೆಯಿಂದ ಹೊರಡಬೇಕು.

ಲೆಕ್ಕ ಹೀಗಿದೆ. ನಮ್ಮಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಏಳು ಕಿಲೋ ತೂಕ, 55 ಸೆಂಟಿಮೀಟರ್ ಉದ್ದ, 35 ಅಗಲ, 25 ದಪ್ಪ. ತೂಕದ ಚಿಂತೆ ಬೇಡ. ಪಿಟೀಲು ಅರ್ಧ ಕಿಲೋ ಕೂಡ ತೂಗುವುದಿಲ್ಲ, ಪೆಟ್ಟಿಗೆ, ಕಮಾನು ಎಲ್ಲ ಸೇರಿ ಎರಡು ಮೂರು ಕಿಲೋ. ತೊಡಕಿರುವುದು ಉದ್ದದಲ್ಲಿ. ದೊಡ್ಡವರು ನುಡಿಸುವ ಪಿಟೀಲು ಬರಿಮೈಯಲ್ಲೇ ಸುಮಾರು 60 ಸೆಂಟಿಮೀಟರ್, ಪೆಟ್ಟಿಗೆಯೊಳಗಿಟ್ಟರೆ ಹತ್ತಿರ ಹತ್ತಿರ 80. ಅಂದರೆ ಅಳತೆಪಟ್ಟಿ ಹಿಡಿದು ನಿಂತರೆ ಇಂಥ ಯಾವ ಪಿಟೀಲೂ ಪಾಸಾಗುವುದಿಲ್ಲ. ತಲೆಯ ಮೇಲಿನ ಗೂಡಿನಲ್ಲಿ ಅದನ್ನು ಉದ್ದುದ್ದಕ್ಕೆ ಮಲಗಿಸಬೇಕು, ಆಗ ಎರಡು ಟ್ರಾಲಿಗಳ ಜಾಗ ಹಿಡಿಯುತ್ತದೆ. ಗೇಟಿನಲ್ಲಿ ನಿಂತ ಹುಡುಗಿ ತಕರಾರು ತೆಗೆಯುವುದು ಇದಕ್ಕೇ. ಅವಳ ಕಷ್ಟ ನನಗೆ ಅರ್ಥವಾಗುತ್ತದೆ.

ಆದ್ದರಿಂದ ನಾನು ಮಕ್ಕಳಿಗೆ ಹೇಳುವುದು, ಪಿಟೀಲೇ ನಿನ್ನ ಆ ಒಂದು ಬ್ಯಾಗು. ಇನ್ನೊಂದು ಟ್ರಾಲಿ ಎಳೆದುಕೊಂಡು ಹೋಗಬೇಡ, ಬಟ್ಟೆಬರೆಯೆಲ್ಲ ದೊಡ್ಡ ಪೆಟ್ಟಿಗೆಗೆ ಹೋಗಲಿ. ಟಿಕೆಟ್ ತೆಗೆದ ದಿನವೇ ಕಂಪನಿಗೆ ಮೇಲ್ ಬರೆದು, ಉದ್ದ ಇಷ್ಟು, ತೂಕ ಇಷ್ಟು ಎಂದು ತಿಳಿಸಿ, ಅವರ ಉತ್ತರವನ್ನು ಪ್ರಿಂಟ್ ಮಾಡಿ ಪೆಟ್ಟಿಗೆಯ ಜೇಬಿನಲ್ಲಿಡು. ಗೇಟಿನಲ್ಲಿ ಆ ಒಂದು ಹಾಳೆ ಮಾಡುವ ಕೆಲಸವನ್ನು ನಾವು ಹತ್ತು ಮಾತಾಡಿದರೂ ಮಾಡಲಾಗುವುದಿಲ್ಲ. ಬೋರ್ಡಿಂಗ್ ಶುರುವಾದ ಕೂಡಲೇ ಸಾಲಿನಲ್ಲಿ ನಿಲ್ಲು. ಗೂಡು ಖಾಲಿಯಿದ್ದಾಗ ಯಾರೂ ಏನೂ ಅನ್ನುವುದಿಲ್ಲ. ತುಂಬಿದ ಮೇಲೆ ಎಂಥ ಒಳ್ಳೆಯವರೂ ಸಹಾಯ ಮಾಡಲಾರರು. ಬಾಗಿಲು ಹಾಕುವವರೆಗೆ ಒಂದು ಕಣ್ಣು ಮೇಲಿರಲಿ, ಕೊನೆಗೆ ಬಂದವರು ಅವಸರದಲ್ಲಿ ಪೆಟ್ಟಿಗೆಯ ಮೇಲೇ ಭಾರದ ಬ್ಯಾಗು ಒತ್ತಿಬಿಡುತ್ತಾರೆ.

ಹುಬ್ಬಳ್ಳಿ, ಮೈಸೂರು ಕಡೆ ಹಾರುವ, ರೆಕ್ಕೆಗೆ ಫ್ಯಾನ್ ಇರುವ ಸಣ್ಣ ವಿಮಾನಗಳಲ್ಲಿ ಇನ್ನೂ ಇಕ್ಕಟ್ಟು. ಮದ್ರಾಸಿನ ಡಿಸೆಂಬರ್ ಕಛೇರಿಗಳಿಗೆ ನಾನು ಈಗಲೂ ರೈಲಿನಲ್ಲೇ ಹೋಗುತ್ತೇನೆ. ಪಿಟೀಲು ಪಕ್ಕದಲ್ಲೇ ಇರುತ್ತದೆ.

ಲಗೇಜು ಬೇಡ ಎಂದು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ಪುಣೆಯಲ್ಲಿ ಒಂದು ಕಛೇರಿಗೆ ಪಕ್ಕವಾದ್ಯಕ್ಕೆ ಹೊರಟಿದ್ದೆ. ವಿಮಾನದ ಮೆಟ್ಟಿಲ ಬುಡದಲ್ಲಿ ತಡೆದು, ಜಾಗವಿಲ್ಲ ಎಂದು ಚೀಟಿ ಕಟ್ಟಿ ವಾದ್ಯವನ್ನು ಕೆಳಗೆ ಹಾಕಿದರು. ಮಧ್ಯಾಹ್ನ ಆತಿಥೇಯರ ಮನೆಯಲ್ಲಿ ಪೆಟ್ಟಿಗೆ ತೆರೆದೆ. ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು, ನಾವು ಕುದುರೆ ಅನ್ನುವುದು, ಅಡ್ಡಬಿದ್ದಿತ್ತು. ಪಿಟೀಲನ್ನು ಎತ್ತಿದಾಗ ಹೊಟ್ಟೆಯೊಳಗೆ ಏನೋ ಕಟಕಟ ಉರುಳಿತು. ಆ ಸದ್ದು ಕೇಳಿದವರಿಗೆ ಗೊತ್ತು, ಸೌಂಡ್‌ಪೋಸ್ಟ್ ಬಿದ್ದಿದೆ.

ಪಿಟೀಲಿನ ಒಳಗೆ, ಕುದುರೆಯ ಬಲಗಾಲಿನ ಹತ್ತಿರ, ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಆರು ಮಿಲಿಮೀಟರ್ ದಪ್ಪದ ಒಂದು ಮರದ ಕಡ್ಡಿ ನಿಂತಿರುತ್ತದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ತಂತಿಗಳು ಕುದುರೆಯನ್ನು ಒತ್ತುವ ಬಿಗಿಯಲ್ಲೇ ಅದು ನಿಂತಿರುವುದು. ತಂತಿಯ ಕಂಪನವನ್ನು ಬೆನ್ನಿನ ಹಲಗೆಗೆ ಮುಟ್ಟಿಸುವುದು ಅದೇ. ಫ್ರೆಂಚರು ಆ ಕಡ್ಡಿಯನ್ನು ಆತ್ಮ ಎಂದೇ ಕರೆಯುತ್ತಾರೆ. ಬಿದ್ದರೆ ನಾದ ಹೋಯಿತು. ಹಾಗೆಯೇ ತಂತಿ ಬಿಗಿದರೆ ಮೇಲಿನ ಹಲಗೆ ಕುಸಿಯುವ ಅಪಾಯವೂ ಉಂಟು. ಅದನ್ನು ಮತ್ತೆ ನಿಲ್ಲಿಸಬೇಕಾದರೆ ಬಾಗಿದ ಉಪಕರಣವೊಂದನ್ನು ಪಕ್ಕದ ಸೀಳಿನಿಂದ ಒಳಗೆ ತೂರಿಸಿ, ಕೂದಲೆಳೆಯಷ್ಟು ಆಚೀಚೆ ಸರಿಸಿ ನಿಲ್ಲಿಸುವ ಕೈ ಬೇಕು. ಆ ಸಂಜೆ ಎರವಲು ಪಿಟೀಲಿನಲ್ಲಿ ನುಡಿಸಿದೆ. ಹಾಡುವವರು ದೊಡ್ಡ ಮನಸ್ಸು ಮಾಡಿ ತನಿಗೆ, ಅಂದರೆ ಮೃದಂಗದವರು ಒಬ್ಬರೇ ನುಡಿಸುವ ಸರದಿಗೆ, ಮೊದಲಿನ ರಾಗವನ್ನು ಚಿಕ್ಕದು ಮಾಡಿದರು. ಅದನ್ನು ನೆನೆದರೆ ಇವತ್ತಿಗೂ ನೋವಾಗುತ್ತದೆ.

ಅರ್ಧ ತಪ್ಪು ನನ್ನದೇ. ವಿಮಾನದಲ್ಲಿ ತಂತಿ ಪೂರ್ತಿ ಸಡಿಲ ಮಾಡಬೇಕು ಎಂದು ಯಾರೋ ಹೇಳಿದ್ದನ್ನು ನಂಬಿ ನಾಲ್ಕನ್ನೂ ಜೋತಾಡುವಷ್ಟು ಬಿಟ್ಟಿದ್ದೆ. ಬಿಗಿಯೇ ಇಲ್ಲದ ಕಡ್ಡಿಗೆ ಒಂದು ಪೆಟ್ಟು ಸಾಕಾಯಿತು. ಈ ಮಾತು ಈಗಲೂ ಬಾಯಿಂದ ಬಾಯಿಗೆ ಓಡಾಡುತ್ತಿದೆ, ದಯವಿಟ್ಟು ನಂಬಬೇಡಿ. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಕೆಳಗಿನ ಲಗೇಜು ಕೋಣೆಗೂ ಮೇಲಿನಷ್ಟೇ ಗಾಳಿಯ ಒತ್ತಡವಿರುತ್ತದೆ. ವಾದ್ಯವನ್ನು ಮುರಿಯುವುದು ಒತ್ತಡವಲ್ಲ, ಎತ್ತಿ ಎಸೆಯುವ ಕೈ, ಮೇಲೆ ಬೀಳುವ ಸೂಟ್‌ಕೇಸು, ರನ್‌ವೇ ಪಕ್ಕದ ಬಿಸಿಲು. ಅದೂ ಅಲ್ಲದೆ ಕರ್ನಾಟಕ ಸಂಗೀತದ ನಾವು ನಾಲ್ಕು ತಂತಿಗಳನ್ನು ಸ ಪ ಸ ಪ ಎಂದು ಕೂಡಿಸುವವರು. ಗಂಡು ದನಿಗೆ ಶ್ರುತಿ ಮಾಡಿದ ಪಿಟೀಲಿನ ತಂತಿಗಳು ಪಾಶ್ಚಾತ್ಯರ ಶ್ರುತಿಗಿಂತ ಮೊದಲೇ ಸಾಕಷ್ಟು ಕೆಳಗಿರುತ್ತವೆ. ಅದನ್ನು ಇನ್ನೊಂದು ಸ್ವರ ಇಳಿಸಿದರೆ ಧಾರಾಳವಾಯಿತು. ಕಮಾನಿನ ಕೂದಲನ್ನು ಮಾತ್ರ ಪೂರ್ತಿ ಸಡಿಲಿಸಿ.

ಕೈಮೀರಿ ಕೆಳಗೆ ಹಾಕಲೇಬೇಕಾಗಿ ಬಂದರೆ ಎಂದು ಪೆಟ್ಟಿಗೆಯಲ್ಲಿ ಯಾವಾಗಲೂ ಒಂದು ಹಳೆಯ ಮೆತ್ತನೆ ಪಂಚೆ ಇಟ್ಟಿರುತ್ತೇನೆ. ಹರಿದು ಮಡಿಸಿ, ಕುದುರೆಯ ಎರಡೂ ಬದಿಗೆ ತಂತಿಗಳ ಅಡಿಯಲ್ಲಿ ಒಂದೊಂದು ತುಂಡು, ತಂತಿ ಸಿಕ್ಕಿಸುವ ಕರಿಪಟ್ಟಿಯ ಕೆಳಗೊಂದು, ಕತ್ತಿನ ಸುತ್ತ ಒಂದು. ಅಲುಗಾಡಿಸಿದರೆ ಒಳಗೆ ಏನೂ ಸದ್ದಾಗಬಾರದು.

ತಪಾಸಣೆಯಲ್ಲಿ ಎಕ್ಸ್‌ರೇಯಿಂದ ಮರಕ್ಕೆ ಏನೂ ಆಗುವುದಿಲ್ಲ. ತಂತಿ ಕತ್ತರಿಸುವ ಕತ್ತರಿ, ತಂತಿ ಬಿಗಿಯಲು ತಿರುಗಿಸುವ ಬಿರಡೆಯನ್ನು ಕೆರೆಯುವ ಬ್ಲೇಡು ಇದ್ದರೆ ತೆಗೆದಿಡಿ. ತೆರೆದು ತೋರಿಸಿ ಅಂದರೆ ನೀವೇ ತೆರೆಯಿರಿ, ಬೇರೆಯವರು ಕಮಾನಿನ ಕೂದಲು ಮುಟ್ಟಲು ಬಿಡಬೇಡಿ. ಪವರ್ ಬ್ಯಾಂಕ್ ಕೈಯಲ್ಲೇ ಇರಬೇಕು, ಕೆಳಗೆ ಹೋಗುವಂತಿಲ್ಲ.

ಅಮೆರಿಕದ ಕಂಪನಿಗಳ ವಿಮಾನವಾದರೆ ಸ್ವಲ್ಪ ಧೈರ್ಯವಾಗಿರಬಹುದು. 2012ರ ಕಾನೂನಿನಂತೆ ಅಲ್ಲಿನ ಸಾರಿಗೆ ಇಲಾಖೆ ಮಾಡಿದ ನಿಯಮ 2015ರ ಮಾರ್ಚಿನಿಂದ ಜಾರಿಯಲ್ಲಿದೆ. ನೀವು ಹತ್ತುವ ಹೊತ್ತಿಗೆ ಗೂಡಿನಲ್ಲಿ ಜಾಗವಿದ್ದರೆ ಪಿಟೀಲಿನಂಥ ಸಣ್ಣ ವಾದ್ಯವನ್ನು ಒಳಗೆ ಬಿಡಬೇಕು, ಆಮೇಲೆ ಬಂದವರ ಬ್ಯಾಗಿಗಾಗಿ ಅದನ್ನು ತೆಗೆಸುವಂತಿಲ್ಲ. ಇಂಥದ್ದೊಂದು ನಿಯಮ ಎಲ್ಲ ಕಡೆಯೂ ಬರಬೇಕು ಎಂಬುದು ನನ್ನ ಆಸೆ. ನೆನಪಿಡಿ, ಅಲ್ಲೂ ಮಾತು ನಿಂತಿರುವುದು "ಜಾಗವಿದ್ದರೆ" ಅನ್ನುವುದರ ಮೇಲೆ. ಬೇಗ ಹತ್ತಿ.

ಕೊಳಲು, ಮೋರ್ಸಿಂಗ್ ಒಯ್ಯುವವರಿಗೆ ಜಾಗದ ತೊಂದರೆಯೇ ಇಲ್ಲ. ಕೈಯಲ್ಲಿ ಹಿಡಿದು ಬಾರಿಸುವ ಚರ್ಮದ ವಾದ್ಯ ಖಂಜಿರದವರು ಮಾತ್ರ ಎಚ್ಚರ. ಹಳೆಯ ಖಂಜಿರಗಳ ಚರ್ಮ ಉಡದ್ದು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ, ಅದರ ಚರ್ಮ ಹಿಡಿದು ಗಡಿ ದಾಟಲು ಹೋಗಬೇಡಿ. ಆಡಿನ ಚರ್ಮದ್ದೋ ಸಿಂಥೆಟಿಕ್ ಚರ್ಮದ್ದೋ ಒಯ್ಯಿರಿ. ದಂತದ ಕೆಲಸವಿರುವ ಹಳೆಯ ವಾದ್ಯ, ಕಮಾನುಗಳಿಗೂ ಇದೇ ಮಾತು.

ಇಳಿದ ಮೇಲೆ ಯಾರೂ ಕೇಳದ ಒಂದು ವಿಷಯವಿದೆ. ಹೊರಗೆ ಹಿಮ, ಒಳಗೆ ಹೀಟರ್ ಇರುವ ಊರಿನಲ್ಲಿ ಮನೆಗೆ ಹೋದ ಕೂಡಲೇ ಪೆಟ್ಟಿಗೆ ತೆರೆಯಬೇಡಿ. ಒಂದೆರಡು ಗಂಟೆ ಮುಚ್ಚಿಯೇ ಇಡಿ, ಮರ ಆ ಬಿಸಿಗೆ ನಿಧಾನಕ್ಕೆ ಒಗ್ಗಲಿ. ಪಿಟೀಲಿನ ಹಲಗೆಗಳನ್ನು ಹಿಡಿದಿರುವುದು ಸರೇಸಿನ ಅಂಟು, ತಟ್ಟನೆ ಬಿಸಿ ತಗುಲಿದರೆ ಕೂಡುಜಾಗ ಬಿಟ್ಟುಕೊಳ್ಳಬಹುದು. ಹೋದ ಚಳಿಗಾಲ ಚಿಕಾಗೋದಿಂದ ಒಬ್ಬ ಶಿಷ್ಯೆ ಅಳುತ್ತಾ ಫೋನ್ ಮಾಡಿದಳು. ಬಿರಡೆ ತಿರುಗಿಸಿ ಕೈಬಿಟ್ಟರೆ ಸಾಕು, ಗಿರಗಿರ ಬಿಚ್ಚಿಕೊಳ್ಳುತ್ತಿದೆ, ವಾದ್ಯ ಹಾಳಾಯಿತು ಎಂದು. ಹಾಳಾಗಿರಲಿಲ್ಲ. ಒಣಹವೆಗೆ ಬಿರಡೆ ಕುಗ್ಗಿತ್ತು, ಅಷ್ಟೆ. "ಬರೀ ತಿರುಗಿಸಬೇಡಮ್ಮ, ತಿರುಗಿಸ್ತಾ ಒಳಗಡೆಗೆ ಒತ್ತು. ಮೊದಲು ಮಧ್ಯದ ಷಡ್ಜ ಕೂಡಿಸು, ಉಳಿದದ್ದು ಆಮೇಲೆ" ಅಂದೆ. ಸ್ಪೀಕರ್ ಹಾಕಿ ಫೋನನ್ನು ಪಕ್ಕಕ್ಕಿಟ್ಟಳು. ನಾಲ್ಕು ಸಲ ಜಾರಿತು. ಐದನೆಯ ಸಲ ನಿಂತಿತು.