ಶ್ವಾರ್ಜೆನೆಗರ್‌ನ ಜರ್ಮನ್ ದನಿ, ನಮ್ಮಜ್ಜಿಯ ಮಹಾಭಾರತ

ಓದಲು ಅಂತ ಕೆಮ್ನಿಟ್ಜ್‌ಗೆ ಬಂದು ಎರಡು ವಾರವಾಗಿತ್ತು. ಜರ್ಮನಿಯ ಪೂರ್ವ ಭಾಗದ ಸ್ಯಾಕ್ಸನಿ ರಾಜ್ಯದಲ್ಲಿರುವ ಊರು ಇದು. 1953ರಿಂದ 1990ರವರೆಗೆ ಇದಕ್ಕೆ ಕಾರ್ಲ್ ಮಾರ್ಕ್ಸ್ ಸ್ಟಾಟ್ ಅಂತ ಹೆಸರಿತ್ತು. ಊರ ನಡುವೆ ಏಳು ಮೀಟರ್ ಎತ್ತರದ ಮಾರ್ಕ್ಸ್ ತಲೆ ಈಗಲೂ ಇದೆ. ಅವತ್ತು ಭಾನುವಾರ. ಇಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ರೂಮಿನಲ್ಲಿ ಕೂತು ಮನೆ ನೆನಪು ಜಾಸ್ತಿಯಾಗಿ, ಸುಮ್ನೆ ಸಿನಿಮಾಗೆ ಹೊರಟೆ. ಹಾಲಿವುಡ್ ಸಿನಿಮಾ, ಇಂಗ್ಲಿಷ್ ತಾನೇ ಅಂತ ಟಿಕೆಟ್ ತೆಗೆದುಕೊಂಡೆ. ಜಾಹೀರಾತು, ಟ್ರೈಲರ್ ಎಲ್ಲ ಸೇರಿ ಅರ್ಧ ಗಂಟೆ ಓಡಿತು. ಆಮೇಲೆ ನಾಯಕ ಬಾಯಿ ಬಿಟ್ಟ. ಜರ್ಮನ್!

ಆಗ ನನಗೆ ಜರ್ಮನ್ ಅಷ್ಟಕ್ಕಷ್ಟೇ. ಎರಡು ಗಂಟೆ ಮುಖಗಳನ್ನು ನೋಡಿಕೊಂಡು ಕೂತೆ. ಸುತ್ತ ಕೂತವರೆಲ್ಲ ನಗುತ್ತಿದ್ದರು. ಪಕ್ಕದಲ್ಲಿ ಒಬ್ಬ ಅಪ್ಪ, ಇಬ್ಬರು ಮಕ್ಕಳು. ಮಕ್ಕಳು ಒಂದು ಮಾತನ್ನೂ ಬಿಡದೆ ಕೇಳುತ್ತಿದ್ದರು, ಅಪ್ಪನನ್ನು ಒಂದು ಸಲವೂ 'ಏನಂದ?' ಅಂತ ಕೇಳಲಿಲ್ಲ. ಅದು ಮನಸ್ಸಿನಲ್ಲಿ ಉಳಿಯಿತು.

ಇಲ್ಲಿ ಡಬ್ಬಿಂಗ್ ಅಂದರೆ ಆತುರದ ಕೆಲಸ ಅಲ್ಲ. ಒಬ್ಬ ನಟನಿಗೆ ಸಾಮಾನ್ಯವಾಗಿ ಒಂದೇ ದನಿ, ವರ್ಷಗಟ್ಟಲೆ. ರಾಬರ್ಟ್ ಡಿ ನೀರೋಗೆ ಕ್ರಿಸ್ಟಿಯಾನ್ ಬ್ರೂಕ್ನರ್ ದನಿ ಅಂದರೆ ಇಲ್ಲಿಯವರಿಗೆ ಅದೇ ಡಿ ನೀರೋ. ಟೋಮಾಸ್ ಡಾನೆಬೆರ್ಗ್ ಎಂಬ ಕಲಾವಿದರು ಶ್ವಾರ್ಜೆನೆಗರ್‌ಗೂ ಸ್ಟಲ್ಲೋನ್‌ಗೂ ದನಿ ಕೊಟ್ಟವರು. ಶ್ವಾರ್ಜೆನೆಗರ್ ಆಸ್ಟ್ರಿಯಾದವರು, ಅವರ ತಾಯ್ನುಡಿಯೇ ಜರ್ಮನ್. ಆದರೂ ಇಲ್ಲಿಯವರು ಕೇಳಿ ಬೆಳೆದದ್ದು ಡಾನೆಬೆರ್ಗ್ ದನಿಯನ್ನು. ಮೂಲ ಭಾಷೆಯಲ್ಲೇ ನೋಡಬೇಕು ಅಂದರೆ ಟಿಕೆಟ್ ಪಟ್ಟಿಯಲ್ಲಿ 'ಓವಿ' ಅಥವಾ 'ಓಎಂಯು' ಅಂತ ಇರುವ ಆಟ ಹುಡುಕಬೇಕು. ಎರಡನೆಯದಕ್ಕೆ ಜರ್ಮನ್ ಸಬ್‌ಟೈಟಲ್ ಇರುತ್ತದೆ. ಹೊಸದಾಗಿ ಬರುವವರು ಇದನ್ನು ನೋಡಿಯೇ ಟಿಕೆಟ್ ತೆಗೆದುಕೊಳ್ಳಿ. ಪಾಪ್‌ಕಾರ್ನ್ ಕೇಳುವಾಗಲೂ 'ಉಪ್ಪಿನದು' ಅಂತ ಬಿಡಿಸಿ ಹೇಳಿ. ಇಲ್ಲಿ ಸಿಹಿ ಪಾಪ್‌ಕಾರ್ನೇ ಜಾಸ್ತಿ.

ಎರಡನೇ ಸೆಮಿಸ್ಟರ್‌ನಲ್ಲಿ ಸಂಜೆ ಪಾರ್ಸೆಲ್ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ನಮ್ಮಂಥ ಹೊರದೇಶದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು ಅಂತ 2024ರ ಮಾರ್ಚ್‌ನಲ್ಲಿ ನಿಯಮ ಬದಲಾಗಿತ್ತು. ಆ ವರ್ಷ ಕನಿಷ್ಠ ಕೂಲಿ ಗಂಟೆಗೆ 12.41 ಯೂರೋ. ಒಂದು ಗಂಟೆ ಪೆಟ್ಟಿಗೆ ಎತ್ತಿದರೆ ಒಂದು ಸಿನಿಮಾ ಟಿಕೆಟ್, ನನ್ನ ಲೆಕ್ಕ ಹಾಗಿತ್ತು. ವಾರದಲ್ಲಿ ಒಂದು ದಿನ ಟಿಕೆಟ್ ಕಡಿಮೆ ಬೆಲೆಗೆ ಸಿಗುತ್ತದೆ, ಅದಕ್ಕೆ 'ಕೀನೋಟಾಗ್' ಅಂತಾರೆ. ಆ ದಿನ ಶಿಫ್ಟ್ ಬೇಡ ಅಂತ ಮೊದಲೇ ಹೇಳಿಡುತ್ತಿದ್ದೆ.

ಗೋದಾಮಿನಲ್ಲಿ ನನ್ನ ಜೊತೆ ಒಬ್ಬರು ಹೆಂಗಸು ಕೆಲಸ ಮಾಡುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಹಳೇ ಪೂರ್ವ ಜರ್ಮನಿಯಲ್ಲಿ ಬೆಳೆದವರು. ನನಗೆ ಅರ್ಥವಾಗಲಿ ಅಂತ ಒಂದೊಂದೇ ಪದ ಬಿಡಿಸಿ ಮಾತಾಡುತ್ತಿದ್ದರು. ನಾನು ಸಿನಿಮಾ ನೋಡಿಯೇ ಜರ್ಮನ್ ಕಲಿಯುತ್ತಿದ್ದೇನೆ ಅಂದಾಗ ಅವರು ಒಂದು ಚಿತ್ರದ ಬಗ್ಗೆ ಹೇಳಿದರು. 1973ರದ್ದು, ಸಿಂಡರೆಲ್ಲಾ ಕಥೆ. ಚೆಕ್ಕೊಸ್ಲೊವಾಕಿಯಾ ಮತ್ತು ಪೂರ್ವ ಜರ್ಮನಿ ಸೇರಿ ಮಾಡಿದ್ದು. ಅದರ ಅರಮನೆ ನಮ್ಮ ಸ್ಯಾಕ್ಸನಿಯದೇ, ಡ್ರೆಸ್ಡೆನ್ ಪಕ್ಕದ ಮೊರಿಟ್ಸ್‌ಬುರ್ಗ್. ಇಂದಿಗೂ ಪ್ರತಿ ಕ್ರಿಸ್‌ಮಸ್‌ಗೆ ಇಲ್ಲಿ ಟಿವಿಯಲ್ಲಿ ಬರುತ್ತದೆ. ನಾಯಕಿ ಲಿಬುಶೆ ಶಾಫ್ರಾಂಕೋವಾ ಚೆಕ್ ನಟಿ. ಆಕೆಯ ಜರ್ಮನ್ ದನಿ ಬೇರೆಯವರದು.

"ಅದು ನಮ್ಮ ಸಿನಿಮಾ," ಅಂದರು ಅವರು. ನಾಯಕಿ ಜರ್ಮನ್ ಅಲ್ಲವಲ್ಲ ಅಂತ ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ನಮ್ಮಮ್ಮನ ಪಕ್ಕ ಕೂತು ಕೇಳಿದ ದನಿ ಅದು. ಇನ್ಯಾರದು ಆಗತ್ತೆ?" ಅಂದರು.

ಆ ಮಾತು ನನ್ನನ್ನು ಬಿಡಲೇ ಇಲ್ಲ. ನಾನು ಡಬ್ಬಿಂಗ್ ಬೇಡ ಅಂತ ಗಟ್ಟಿಯಾಗಿ ನಂಬಿ ಬೆಳೆದವರ ಪೈಕಿ. ನಮ್ಮಲ್ಲಿ 1960ರ ದಶಕದಲ್ಲಿ ಕಾದಂಬರಿಕಾರ ಅ.ನ.ಕೃ., ಕನ್ನಡ ಹೋರಾಟಗಾರ ಮ. ರಾಮಮೂರ್ತಿ ಅಂಥವರು ಡಬ್ಬಿಂಗ್ ವಿರುದ್ಧ ಬೀದಿಗೆ ಇಳಿದರು. ರಾಜ್‌ಕುಮಾರ್ ಕೂಡ ಜೊತೆಗೆ ನಿಂತರು. ಆಗ ಕನ್ನಡ ಚಿತ್ರಗಳೇ ಹೆಚ್ಚಾಗಿ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾಲ. ಡಬ್ ಆದ ಸಿನಿಮಾ ಅಗ್ಗಕ್ಕೆ ಬಂದುಬಿಟ್ಟರೆ ಕನ್ನಡದ ನಟ, ಬರಹಗಾರ, ಕೆಲಸಗಾರ ಎಲ್ಲಿಗೆ ಹೋಗಬೇಕು? ಆ ಹೋರಾಟ ಇಲ್ಲದಿದ್ದರೆ ನಮ್ಮ ಚಿತ್ರರಂಗ ಕಾಲೂರುವುದು ಕಷ್ಟವಿತ್ತು ಅಂತ ನಾನು ಈಗಲೂ ನಂಬುತ್ತೇನೆ. ಅವರ ಮೇಲಿನ ಗೌರವ ಒಂದಿಷ್ಟೂ ಕಡಿಮೆಯಾಗಿಲ್ಲ.

ಆದರೆ ಡಬ್ಬಿಂಗ್‌ಗೆ ಅಂದು ಹಾಕಿದ ಬೇಲಿ ಅರ್ಧ ಶತಮಾನ ಉಳಿಯಿತು. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಅಂತ ಆದೇಶ ಕೊಡಬೇಕಾಯಿತು. ಅಷ್ಟರಲ್ಲಿ ನನ್ನ ಬಾಲ್ಯ ಮುಗಿದಿತ್ತು. ಕಾರ್ಟೂನುಗಳನ್ನೆಲ್ಲ ನಾನು ನೋಡಿದ್ದು ಹಿಂದಿಯಲ್ಲಿ. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಊಹೆ. ಕೆಮ್ನಿಟ್ಜ್‌ನ ಆ ಎರಡು ಮಕ್ಕಳ ಹಾಗೆ ಒಂದು ಮಾತೂ ಬಿಡದೆ ಕೇಳುವ ಸುಖ ನನಗೆ ಸಿಗಲಿಲ್ಲ. ಅದು ಸಿಗಬೇಕಿತ್ತು.

ನಮ್ಮಜ್ಜಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತಿತ್ತು. ಆಗ ಹಿಂದಿಯ ಮಹಾಭಾರತ ಕನ್ನಡದಲ್ಲಿ ಬರತೊಡಗಿತು. ಅಜ್ಜಿ ಊಟ ಮುಂಚೆಯೇ ಮುಗಿಸಿ ಟಿವಿ ಮುಂದೆ ಕೂರುತ್ತಿದ್ದರು. ಕೃಷ್ಣ ಮಾತಾಡಿದರೆ ಕೈ ಮುಗಿಯುತ್ತಿದ್ದರು. ತುಟಿ ಹೊಂದುತ್ತಿಲ್ಲ ಅಂತ ನಾನು ಪಕ್ಕದಲ್ಲಿ ಗೊಣಗುತ್ತಿದ್ದೆ. ಅಜ್ಜಿ ತುಟಿ ನೋಡುತ್ತಲೇ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಮಾತು, ಅದು ಸಿಕ್ಕಿತ್ತು.

ಡಬ್ ಆದಾಗ ಕಳೆದುಹೋಗುವುದೂ ಇದೆ, ಇಲ್ಲ ಅನ್ನುವುದಿಲ್ಲ. ಕುಂದಾಪುರದ ಕನ್ನಡ ಹಿಂದಿಗೆ ಹೋದರೆ ಆ ಮಣ್ಣಿನ ವಾಸನೆ ಅಲ್ಲಿಗೇ ನಿಲ್ಲುತ್ತದೆ. ಹುಬ್ಬಳ್ಳಿಯ ಬೈಗುಳವನ್ನು ಜರ್ಮನ್‌ನಲ್ಲಿ ಯಾರು ಬೈಯುತ್ತಾರೆ? ಅದಕ್ಕೇ ನನಗೆ ಎರಡೂ ಬೇಕು. ಮೂಲದಲ್ಲಿ ನೋಡುವವರಿಗೆ ಮೂಲ, ಅಜ್ಜಿಗೂ ಮಕ್ಕಳಿಗೂ ಅವರ ಭಾಷೆ. ಕನ್ನಡದಲ್ಲಿ ಒಳ್ಳೆಯ ದನಿ ಕಲಾವಿದರಿದ್ದಾರೆ. ಅವರ ಹೆಸರು ನಮ್ಮ ಬಾಯಲ್ಲಿ ಓಡಾಡುವಂತಾಗಬೇಕು, ಇಲ್ಲಿ ಡಾನೆಬೆರ್ಗ್ ಹೆಸರು ಓಡಾಡಿದ ಹಾಗೆ.

ಈಗ ಓದು ಮುಗಿದು ಬರ್ಲಿನ್‌ನಲ್ಲಿ ಕೆಲಸ. ಇಲ್ಲಿ ಮೂಲ ಭಾಷೆಯ ಆಟಗಳು ಬೇಕಾದಷ್ಟು. ಅಪರೂಪಕ್ಕೆ ಕನ್ನಡ ಸಿನಿಮಾವೂ ಬರುತ್ತದೆ, ಒಂದೋ ಎರಡೋ ಆಟ. ಮೊನ್ನೆ ಆಫೀಸಿನ ಗೆಳೆಯನೊಬ್ಬನನ್ನು ಕರೆದುಕೊಂಡು ಹೋದೆ. ಸಿನಿಮಾ ಉದ್ದವಾದರೆ ಇಲ್ಲಿ ಟಿಕೆಟ್‌ಗೆ ಒಂದೆರಡು ಯೂರೋ ಜಾಸ್ತಿ ಹಾಕುತ್ತಾರೆ, ಹಾಗಾಗಿ ನಮ್ಮ ಸಿನಿಮಾಗಳಿಗೆ ಅದು ತಪ್ಪಿದ್ದಲ್ಲ. ಪರದೆ ಮೇಲೆ 'ವಿರಾಮ' ಅಂತ ಬಂತು, ದೀಪ ಹತ್ತಲಿಲ್ಲ, ಕಥೆ ಮುಂದೆ ಓಡಿತು. ಒಂದು ಮಾತಿಗೆ ನಾವು ಇಪ್ಪತ್ತು ಮೂವತ್ತು ಜನ ಒಟ್ಟಿಗೆ ನಕ್ಕೆವು. ಗೆಳೆಯ ಇಂಗ್ಲಿಷ್ ಸಬ್‌ಟೈಟಲ್ ಓದಿ ನನ್ನ ಮುಖ ನೋಡಿದ. ಕೆಮ್ನಿಟ್ಜ್‌ನಲ್ಲಿ ನಾನು ಕೂತಿದ್ದ ಜಾಗದಲ್ಲಿ ಅವತ್ತು ಅವನು ಕೂತಿದ್ದ. ಹೊರಗೆ ಬಂದ ಮೇಲೆ ಆ ಮಾತನ್ನು ಅವನಿಗೆ ಬಿಡಿಸಿ ಹೇಳಲು ಮೆಟ್ರೋದಲ್ಲಿ ಎರಡು ಸ್ಟೇಷನ್ ಬೇಕಾಯಿತು.

ಕಳೆದ ಕ್ರಿಸ್‌ಮಸ್‌ಗೆ ಆ ಸಿಂಡರೆಲ್ಲಾ ಸಿನಿಮಾ ಮತ್ತೆ ಹಾಕಿದ್ದರು. ನನಗೆ ಸಂಜೆ ನಾಲ್ಕು ಗಂಟೆ, ಊರಲ್ಲಿ ಎಂಟೂವರೆ. ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಟಿವಿಗೆ ಎದುರಾಗಿ ನಿಲ್ಲಿಸಿದೆ. ಟಿವಿ ದನಿ ತಗ್ಗಿಸಿ ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹಿಮದಲ್ಲಿ ಹುಡುಗಿ ಕುದುರೆ ಏರಿ ಓಡಿದಳು. ಅಲ್ಲಿ ಮಾತಿಲ್ಲ ಅಂತ ನಾನು ಸುಮ್ಮನಾದೆ.

"ಯಾಕೆ ನಿಲ್ಲಿಸಿದೆ ಮರಿ?" ಅಂದರು ಅಜ್ಜಿ. "ಕುದುರೆಗೆ ಏನಂದಳು?"